ಮೂರು ಜಿಲ್ಲೆಯ ಲ್ಯಾಬ್‌ಗಳಿಗೆ ಒಂದೇ ಗಂಟು: ಇನ್‌ಸ್ಟಾಲ್ ಸ್ಕ್ರಿಪ್ಟ್ ಹಂಚಿಕೊಳ್ಳುವ ತಾಣ ಕಟ್ಟುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಾಗಿ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸೇರಿದವು. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಪಠ್ಯ ಒಂದೇ, ಪ್ರಾಕ್ಟಿಕಲ್ ಒಂದೇ, ಹಾಗಾಗಿ ಲ್ಯಾಬಿಗೆ ಬೇಕಾದ ಸಾಫ್ಟ್‌ವೇರೂ ಹೆಚ್ಚುಕಡಿಮೆ ಒಂದೇ. ಆದರೂ ಸೆಮಿಸ್ಟರ್ ಶುರುವಾಗುವ ವಾರ ಪ್ರತಿ ಕಾಲೇಜಿನಲ್ಲೂ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್ ಪೆನ್‌ಡ್ರೈವ್ ಹಿಡಿದುಕೊಂಡು 40 ಕಂಪ್ಯೂಟರ್‌ಗಳ ಮುಂದೆ ಒಂದೊಂದಾಗಿ ಕೂತು ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತುತ್ತಿರುತ್ತಾರೆ. ಡಿಟಿಪಿ ಅಂಗಡಿಯಲ್ಲೂ ಇದೇ ಪಾಡು: ಯಂತ್ರ ಫಾರ್ಮ್ಯಾಟ್ ಆದಾಗಲೆಲ್ಲ ಕನ್ನಡ ಫಾಂಟು, ಕೀಬೋರ್ಡು, ಪ್ರಿಂಟರ್ ಡ್ರೈವರು ಮತ್ತೆ ಮೊದಲಿಂದ.

ಈ ಕೆಲಸವನ್ನು ಸ್ಕ್ರಿಪ್ಟ್ (ಯಂತ್ರ ತಾನೇ ಒಂದರ ಹಿಂದೊಂದು ಓಡಿಸುವ ಆಜ್ಞೆಗಳ ಕಡತ) ಮಾಡಿ, ಎಲ್ಲರೂ ತೆಗೆದುಕೊಳ್ಳುವಂತೆ ಒಂದು ತಾಣದಲ್ಲಿ ಇಡುವುದು ಕಷ್ಟವಲ್ಲ. ತಾಣ ಎಬ್ಬಿಸಿ ನಿಲ್ಲಿಸಲು ಎರಡು ದಿನ ಸಾಕು. ಮೂರನೇ ಸೆಮಿಸ್ಟರಿಗೂ ಅದು ಕೆಲಸಕ್ಕೆ ಬರುವಂತೆ ಇಟ್ಟುಕೊಳ್ಳುವುದೇ ನಿಜವಾದ ಕೆಲಸ. ಆದ್ದರಿಂದ ಹೋಸ್ಟಿಂಗ್ ಬಗ್ಗೆ ಇಲ್ಲಿ ಸ್ವಲ್ಪವೇ ಇದೆ, ಸ್ಕ್ರಿಪ್ಟ್ ಮತ್ತು ಅದರ ತಪಾಸಣೆಯ ಬಗ್ಗೆ ಹೆಚ್ಚಿದೆ. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೊದಲು ಎಲ್ಲೆ ಗೊತ್ತುಮಾಡಿ

ಹತ್ತು ಸ್ಕ್ರಿಪ್ಟ್‌ಗಳಿಂದ ಶುರುಮಾಡಿ, ಹನ್ನೊಂದನೆಯದಕ್ಕೆ ಆಮೇಲೆ ಕೈ ಹಾಕಿ. ಕನ್ನಡ ಟೈಪಿಂಗ್ ಮತ್ತು ಫಾಂಟ್, ಜಿಸಿಸಿ, ಪೈಥಾನ್, ಓಪನ್‌ಜೆಡಿಕೆ, ಮೈಎಸ್‌ಕ್ಯೂಎಲ್, ಗಿಟ್, ವಿಎಸ್ ಕೋಡ್, ಲಿಬ್ರೆಆಫೀಸ್, ಗಿಂಪ್, ವಿಎಲ್‌ಸಿ. ಇಷ್ಟಾದರೆ ಕಾಲೇಜು ಲ್ಯಾಬು, ಹೈಸ್ಕೂಲಿನ ಕಂಪ್ಯೂಟರ್ ಕೋಣೆ, ಅಂಗಡಿ ಮೂರಕ್ಕೂ ಅನುಕೂಲ. ಯಾವ ಯಂತ್ರಗಳಿಗೆ ಅನ್ನುವುದನ್ನೂ ಆಗಲೇ ಬರೆದಿಡಿ: ಉಬುಂಟು 22.04, 24.04, ವಿಂಡೋಸ್ 11. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಹಳೆಯ ಲ್ಯಾಬ್‌ಗಳಲ್ಲಿ ಅದು ಇನ್ನೂ ಓಡುತ್ತದೆ, ಅದನ್ನು ‘ಓಡಬಹುದು, ಹೊಣೆ ಇಲ್ಲ’ ಎಂಬ ಸಾಲಿಗೆ ಸೇರಿಸಿ.

ಒಂದು ವಿಷಯದಲ್ಲಿ ಮುಲಾಜು ಬೇಡ. ರೊಕ್ಕ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನ ಕ್ರ್ಯಾಕ್, ಕೀಜೆನ್, ‘ಆ್ಯಕ್ಟಿವೇಟರ್’ ಯಾವುದೂ ತಾಣದೊಳಗೆ ಬರಬಾರದು. ಕಾನೂನಿನ ಮಾತು ಒಂದು ಕಡೆ ಇರಲಿ, ವೈರಸ್ ಹೆಚ್ಚಾಗಿ ಬರುವ ದಾರಿಯೇ ಅದು. ಒಂದು ಸಲ ನಿಮ್ಮ ತಾಣದಿಂದ ಲ್ಯಾಬಿಗೆ ಸೋಂಕು ತಗುಲಿತೆಂದರೆ ಮತ್ತೆ ಯಾರೂ ಕಾಲಿಡುವುದಿಲ್ಲ.

ತಾಣ ನಿಲ್ಲಿಸುವುದು

ಡೇಟಾಬೇಸ್, ಲಾಗಿನ್, ಸದಸ್ಯತ್ವ ಇವೇನೂ ಬೇಡ. ಒಂದು ಗಿಟ್ ಭಂಡಾರ (ಕಡತಗಳನ್ನೂ ಅವುಗಳ ಪ್ರತಿ ಬದಲಾವಣೆಯನ್ನೂ ಕಾಪಿಡುವ ಜಾಗ), ಅದರ ಮೇಲೆ ಹ್ಯೂಗೋ ಅಥವಾ ಜೆಕಿಲ್‌ನಂಥ ಸ್ಥಿರ ಪುಟಗಳ ಜನರೇಟರ್ ಸಾಕು. ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ನಿಲ್ಲುತ್ತದೆ. ಅಲ್ಲಿ ತಾಣದ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿಯಷ್ಟು ಡೌನ್‌ಲೋಡ್ ಎಂಬ ಮೃದು ಮಿತಿಯಿದೆ. ಬರೀ ಸ್ಕ್ರಿಪ್ಟ್ ಇಟ್ಟರೆ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಒಂದು ಸ್ಕ್ರಿಪ್ಟ್ ಅಂದರೆ 5 ಕೆಬಿ. ಖರ್ಚು ಅಂತ ಇದ್ದರೆ ಡೊಮೇನ್ ಹೆಸರಿನದು ಮಾತ್ರ. ಕನ್ನಡದಲ್ಲಿ ‘.ಭಾರತ’ ಡೊಮೇನ್ ಇದೆ, ನೋಡಲು ಚೆಂದ. ಆದರೆ ಟರ್ಮಿನಲ್‌ನಲ್ಲಿ ಕೈಯಿಂದ ಟೈಪ್ ಮಾಡುವ ವಿಳಾಸಕ್ಕೆ ಸಣ್ಣ ‘.ಇನ್’ ಹೆಸರೇ ಲೇಸು.

ಇನ್‌ಸ್ಟಾಲರ್ ಕಡತಗಳನ್ನು ನಿಮ್ಮಲ್ಲಿ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಬೇಡ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಕಡತವನ್ನು ಒಳಗೇ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೇರೆಯವರ ಸಾಫ್ಟ್‌ವೇರನ್ನು ಮರುಹಂಚಲು ಪ್ರತಿಯೊಂದರ ಲೈಸನ್ಸ್ ಬೇರೆ ಬೇರೆ ಹೇಳುತ್ತದೆ. ಸ್ಕ್ರಿಪ್ಟ್ ಮೂಲ ತಾಣದಿಂದಲೇ ಇಳಿಸಿಕೊಳ್ಳಲಿ. ನಿಮ್ಮ ಸ್ಕ್ರಿಪ್ಟ್‌ಗಳಿಗೂ ಒಂದು ಲೈಸನ್ಸ್ ಬೇಕು, ಎಂಐಟಿ ಸಾಕು. ಲೈಸನ್ಸ್ ಬರೆಯದೆ ಇಟ್ಟ ಕೋಡ್‌ನ ಹಕ್ಕು ಬರೆದವರಲ್ಲೇ ಉಳಿಯುತ್ತದೆ, ಕಾನೂನಿನಂತೆ ಮತ್ತೊಬ್ಬರು ತಿದ್ದುವ ಹಾಗಿಲ್ಲ.

ಕಡತಗಳ ಜೋಡಣೆ: ಪ್ರತಿ ಸಾಫ್ಟ್‌ವೇರಿಗೆ ಒಂದು ಫೋಲ್ಡರ್, ಅದರೊಳಗೆ ಲಿನಕ್ಸ್ ಸ್ಕ್ರಿಪ್ಟ್, ವಿಂಡೋಸ್ ಸ್ಕ್ರಿಪ್ಟ್, ತೆಗೆದುಹಾಕುವ ಸ್ಕ್ರಿಪ್ಟ್, ಮಾಹಿತಿಯ ಪುಟ. ಹೆಸರುಗಳು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಲಿನಕ್ಸ್‌ನಲ್ಲಿ ಬೇರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡ ಕೊಂಡಿ ತಾಣದಲ್ಲಿ ‘404’ ಎನ್ನುವುದು ಹೆಚ್ಚಾಗಿ ಇದರಿಂದಲೇ.

ಹುಡುಕಾಟದ ಪೆಟ್ಟಿಗೆ ಇಟ್ಟರೆ ಕನ್ನಡಕ್ಕೇ ಇರುವ ಒಂದು ತೊಡಕು ಎದುರಾಗುತ್ತದೆ. ‘ಇನ್‌ಸ್ಟಾಲ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ. ಅದನ್ನು ಹಾಕದೆ ‘ಇನ್ಸ್ಟಾಲ್’ ಎಂದು ಬರೆಯುವವರೂ ಅಷ್ಟೇ ಮಂದಿ. ಯಂತ್ರಕ್ಕೆ ಇವು ಎರಡು ಬೇರೆ ಪದ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಸೂಚಿ ತಯಾರಿಸುವಾಗಲೂ ಹುಡುಕು ಪದ ಬಂದಾಗಲೂ ಆ ಅಕ್ಷರವನ್ನು ಕಿತ್ತುಹಾಕಿ ಹೋಲಿಸಿ. ಪ್ರತಿ ಪುಟಕ್ಕೂ ಅದರ ಹೆಸರನ್ನು (ಕನ್ನಡ ಟೈಪಿಂಗ್ ಪುಟಕ್ಕೆ ‘ನುಡಿ’ ಎಂಬಂತೆ) ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಯಲ್ಲಿ ಹುಡುಕು ಪದವಾಗಿ ಸೇರಿಸಿ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯವರಿಗಾಗಿ ಮರಾಠಿ ಬರಹವನ್ನೂ ಸೇರಿಸಿದರೆ ನಷ್ಟವೇನಿಲ್ಲ.

ಒಂದು ಪುಟದಲ್ಲಿ ಏನೇನಿರಬೇಕು

ಸ್ಕ್ರಿಪ್ಟ್ ತೆಗೆದುಕೊಳ್ಳಲು ಬಂದವರು ಮೊದಲು ನೋಡುವುದು ಕೋಡನ್ನಲ್ಲ, ‘ಇದು ನನ್ನ ಯಂತ್ರದ ಮೇಲೆ ಓಡುತ್ತದೋ ಇಲ್ಲವೋ’ ಅನ್ನುವುದನ್ನು. ಹಾಗಾಗಿ ಪುಟದ ನೆತ್ತಿಯಲ್ಲಿ ದಿನಾಂಕ ಮತ್ತು ಯಂತ್ರ ಇರಬೇಕು: ಕೊನೆಯ ಬಾರಿ ಓಡಿಸಿ ನೋಡಿದ್ದು ಯಾವತ್ತು, ಯಾವ ಆವೃತ್ತಿಯ ಮೇಲೆ, ಎಷ್ಟು ರ್‍ಯಾಮ್. ಅದರ ಕೆಳಗೆ ಎಷ್ಟು ಎಂಬಿ ಇಳಿಯುತ್ತದೆ, ಡಿಸ್ಕಿನಲ್ಲಿ ಎಷ್ಟು ಜಾಗ ಬೇಕು, ಎಷ್ಟು ನಿಮಿಷ, ನೆಟ್ ಬೇಕೇ, ಅಡ್ಮಿನ್ ಪಾಸ್‌ವರ್ಡ್ ಬೇಕೇ, ಕೊನೆಗೆ ರೀಸ್ಟಾರ್ಟ್ ಕೇಳುತ್ತದೆಯೇ. ಆಮೇಲೆ ಸ್ಕ್ರಿಪ್ಟ್ ಮುಟ್ಟುವ ಕಡತಗಳ ಪಟ್ಟಿ, ತೆಗೆದುಹಾಕುವ ಬಗೆ.

ಕನ್ನಡ ಟೈಪಿಂಗ್ ಪುಟವನ್ನೇ ಹತ್ತಿರದಿಂದ ನೋಡಿ. ಉಬುಂಟುವಿನಲ್ಲಿ ಮಾಡಬೇಕಾದ್ದು ಸಣ್ಣದೆಂದು ಕಾಣುತ್ತದೆ: ‘ಐಬಸ್-ಎಂ17ಎನ್’ ಮತ್ತು ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಎರಡು ಪ್ಯಾಕೇಜ್ ಹಾಕುವುದು. ಎರಡನೆಯದು ಗುಬ್ಬಿ, ನವಿಲು ಫಾಂಟ್‌ಗಳನ್ನು ಎಳೆದು ತರುತ್ತದೆ. ಮೊದಲನೆಯದರಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ನುಡಿ ಬಳಸಿದವರಿಗೆ ರೂಢಿಯಾದ ಕೆಜಿಪಿ ವಿನ್ಯಾಸವೂ ಇದೆ. ಪ್ಯಾಕೇಜ್ ಹಾಕಿಯಾಯಿತು, ಇನ್ನು ಕೀಬೋರ್ಡ್ ಪಟ್ಟಿಗೆ ಕನ್ನಡ ಸೇರಿಸಲು ‘ಜಿಸೆಟ್ಟಿಂಗ್ಸ್’ ಆಜ್ಞೆ. ಸ್ಕ್ರಿಪ್ಟ್ ‘ಮುಗಿಯಿತು’ ಎನ್ನುತ್ತದೆ, ಆದರೆ ಮೇಲಿನ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ. ಕಾರಣ ಇಷ್ಟೇ: ಇಡೀ ಸ್ಕ್ರಿಪ್ಟನ್ನು ಅಡ್ಮಿನ್ ಅಧಿಕಾರ ಕೊಡುವ ‘ಸುಡೊ’ ಹಾಕಿ ಓಡಿಸಲಾಗಿದೆ. ಪ್ಯಾಕೇಜ್ ಯಂತ್ರಕ್ಕೆಲ್ಲ ಸೇರಿದ್ದು, ಕೀಬೋರ್ಡ್ ಸೆಟ್ಟಿಂಗ್ ಮಾತ್ರ ಬಳಕೆದಾರನದು. ಸುಡೊ ಅಡಿಯಲ್ಲಿ ಓಡಿದ ಜಿಸೆಟ್ಟಿಂಗ್ಸ್ ಕನ್ನಡವನ್ನು ಸೇರಿಸಿದ್ದು ‘ರೂಟ್’ ಖಾತೆಗೆ, ಅಲ್ಲಿ ಯಾರೂ ಕೂತು ಟೈಪ್ ಮಾಡುವುದಿಲ್ಲ.

ಒಂದೇ ಯಂತ್ರವಾದರೆ ಆ ಒಂದು ಸಾಲನ್ನು ಸುಡೊ ಇಲ್ಲದೆ ಬೇರೆಯಾಗಿ ಓಡಿಸಿದರೆ ಮುಗಿಯಿತು. ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಖಾತೆ ಹತ್ತಾರು ಇರುತ್ತವೆ, ಪ್ರತಿಯೊಂದಕ್ಕೂ ಲಾಗಿನ್ ಆಗಿ ಕೂರಲು ಆಗದು. ಅಲ್ಲಿ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಡಿಕಾನ್ಫ್‌ನ ಯಂತ್ರಮಟ್ಟದ ಡೀಫಾಲ್ಟ್ ಬಳಸಿ: /ಇಟಿಸಿ/ಡಿಕಾನ್ಫ್/ಡಿಬಿ/ಲೋಕಲ್.ಡಿ ಒಳಗೆ ಇನ್‌ಪುಟ್ ಮೂಲಗಳ ಸಾಲು ಬರೆದು, ‘ಡಿಕಾನ್ಫ್ ಅಪ್‌ಡೇಟ್’ ಕೊಡಿ. /ಇಟಿಸಿ/ಡಿಕಾನ್ಫ್/ಪ್ರೊಫೈಲ್/ಯೂಸರ್ ಕಡತದಲ್ಲಿ ಮೊದಲ ಸಾಲು ಬಳಕೆದಾರನ ಡಿಬಿ, ಎರಡನೆಯದು ಸಿಸ್ಟಮ್ ಡಿಬಿ ಇರಬೇಕು. ಈ ಕಡತ ಮರೆತರೆ ಉಳಿದದ್ದೆಲ್ಲ ಸರಿಯಿದ್ದೂ ಏನೂ ಆಗುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಆಗಲೇ ತನ್ನ ಕೀಬೋರ್ಡ್ ಬದಲಿಸಿಕೊಂಡಿರುವ ಖಾತೆಗೆ ಡೀಫಾಲ್ಟ್ ತಟ್ಟುವುದಿಲ್ಲ, ಉಳಿದವರು ಒಮ್ಮೆ ಲಾಗ್ ಔಟ್ ಆಗಿ ಬರಬೇಕು. ಹೀಗೆ ನಾಲ್ಕು ಸಾಲಿನ ವಿವರ ಪುಟದಲ್ಲಿದ್ದರೆ ಹತ್ತು ಫೋನ್ ಕರೆ ಉಳಿಯುತ್ತವೆ.

ಡಿಟಿಪಿಯವರಿಗೆ ಇದೇ ಪುಟದಲ್ಲಿ ಇನ್ನೊಂದು ಮಾತು: ಇದು ಯುನಿಕೋಡ್ ಮಾತ್ರ. ಯುನಿಕೋಡ್‌ಗೆ ಮುಂಚಿನ, ಹಳೆಯ ಆನ್ಸಿ ಫಾಂಟಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆ ಇದರಿಂದ ತೆರೆದುಕೊಳ್ಳುವುದಿಲ್ಲ, ಅದಕ್ಕೆ ಆ ಫಾಂಟೇ ಬೇಕು.

ಸ್ಕ್ರಿಪ್ಟ್ ಬರೆಯುವಾಗಿನ ಕಟ್ಟುಪಾಡು

ಬ್ಯಾಶ್ (ಲಿನಕ್ಸ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ) ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್ -ಇಯುಒ ಪೈಪ್‌ಫೇಲ್’ ಇರಲೇಬೇಕು. ಇದಿಲ್ಲದಿದ್ದರೆ ಮೂರನೇ ಸಾಲು ಸೋತರೂ ನಾಲ್ಕನೆಯದು ಓಡುತ್ತದೆ, ಕೊನೆಯಲ್ಲಿ ‘ಯಶಸ್ವಿ’ ಎಂದೂ ತೋರಿಸುತ್ತದೆ. ಎರಡನೆಯದಾಗಿ ಎಲ್ಲ ಕೆಲಸವನ್ನೂ ‘ಮೇನ್’ ಎಂಬ ಒಂದು ಫಂಕ್ಷನ್ ಒಳಗೆ ಸುತ್ತಿ, ಕಡತದ ಕಟ್ಟಕಡೆಯ ಸಾಲಿನಲ್ಲಿ ಅದನ್ನು ಕರೆಯಿರಿ. ನೆಟ್‌ನಿಂದ ಕಡತ ಇಳಿಸುವ ‘ಕರ್ಲ್’ನಿಂದ ನೇರ ‘ಬ್ಯಾಶ್’ಗೆ ಸುರಿಯುವ ಚಾಳಿ ಜನರಲ್ಲಿದೆ. ನಡುವೆ ನೆಟ್ ಕಡಿದರೆ ಬ್ಯಾಶ್ ಬಂದಷ್ಟನ್ನೇ ಓಡಿಸಿಬಿಡುತ್ತದೆ. ಕೊನೆಯ ಸಾಲು ಬಾರದಿದ್ದರೆ ಏನೂ ಓಡದಂತೆ ಈ ಸುತ್ತು ಕಾಯುತ್ತದೆ.

ಅಳಿಸುವ ಆಜ್ಞೆಯ ವಿಷಯದಲ್ಲಿ ಭಯವಿರಲಿ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ಯೋಜನೆಯ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ‘/ಯುಎಸ್‌ಆರ್’ ಆದ ಮೇಲೆ ಒಂದೇ ಒಂದು ಸ್ಪೇಸ್ ಹೆಚ್ಚು ಬಿದ್ದಿತ್ತು. ಓಡಿಸಿದವರ ಇಡೀ ಯುಎಸ್‌ಆರ್ ಫೋಲ್ಡರ್ ಅಳಿಸಿಹೋಯಿತು. 2015ರಲ್ಲಿ ಲಿನಕ್ಸ್‌ನ ಸ್ಟೀಮ್ ಸ್ಕ್ರಿಪ್ಟಿನಲ್ಲಿ ಒಂದು ವೇರಿಯಬಲ್ ಖಾಲಿ ಉಳಿದು, ಅದರ ಮುಂದಿದ್ದ ‘/*’ ಮಾತ್ರ ಅಳಿಸುವ ಆಜ್ಞೆಗೆ ಸಿಕ್ಕಿತು. ಬಳಕೆದಾರನ ಕೈಗೆಟಕುವ ಕಡತಗಳೆಲ್ಲ ಹೋದವು. ನಿಮ್ಮ ತಾಣದ ನಿಯಮ ಸರಳವಾಗಿರಲಿ: ಅಳಿಸುವುದೇನಿದ್ದರೂ ‘ಎಂಕೆಟೆಂಪ್’ ಮಾಡಿಕೊಟ್ಟ ತಾತ್ಕಾಲಿಕ ಫೋಲ್ಡರ್ ಒಳಗೆ ಮಾತ್ರ, ವೇರಿಯಬಲ್‌ಗಳೆಲ್ಲ ಜೋಡಿ ಉದ್ಧರಣೆಯ ಒಳಗೆ. ‘ಶೆಲ್‌ಚೆಕ್’ ಎಂಬ ಉಪಕರಣ ಇಂಥ ತಪ್ಪುಗಳನ್ನು ಬಹುಮಟ್ಟಿಗೆ ಹಿಡಿಯುತ್ತದೆ, ಅದರ ಎಚ್ಚರಿಕೆ ಉಳಿದಿರುವ ಸ್ಕ್ರಿಪ್ಟನ್ನು ಒಳಗೆ ಸೇರಿಸಬೇಡಿ.

ಎರಡು ಸಲ ಓಡಿಸಿದರೂ ಅದೇ ಫಲ ಬರಬೇಕು. ನಮ್ಮ ಕಡೆ ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ, ಇನ್‌ಸ್ಟಾಲ್ ನಡುವೆ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಯಂತ್ರ ಸತ್ತು, ಮತ್ತೆ ಎದ್ದಾಗ ಪ್ಯಾಕೇಜ್ ಕೂರಿಸುವ ‘ಡಿಪಿಕೆಜಿ’ ಅರ್ಧಕ್ಕೆ ನಿಂತಿರುತ್ತದೆ. ಆದ್ದರಿಂದ ಉಬುಂಟು ಸ್ಕ್ರಿಪ್ಟಿನ ಮೊದಲ ಕೆಲಸ ‘ಡಿಪಿಕೆಜಿ --ಕಾನ್ಫಿಗರ್ -ಎ’ ಆಗಿರಲಿ. ಎಲ್ಲ ಸರಿ ಇದ್ದರೆ ಅದು ಸುಮ್ಮನೆ ದಾಟಿಹೋಗುತ್ತದೆ. ಸೆಟ್ಟಿಂಗ್ ಕಡತಕ್ಕೆ ಸಾಲು ಸೇರಿಸುವ ಮುನ್ನ ಅದು ಆಗಲೇ ಇದೆಯೇ ಎಂದು ‘ಗ್ರೆಪ್’ನಿಂದ ನೋಡಿ. ಇಲ್ಲದಿದ್ದರೆ ಐದು ಸಲ ಓಡಿಸಿದವರ ಕಡತದಲ್ಲಿ ಅದೇ ಸಾಲು ಐದು ಸಲ ಇರುತ್ತದೆ.

ಉಬುಂಟುವಿನಲ್ಲಿ ‘ಆಪ್ಟ್’ ಬದಲು ‘ಆಪ್ಟ್-ಗೆಟ್’ ಬಳಸಿ, ಮೊದಲನೆಯದು ತನ್ನನ್ನು ಸ್ಕ್ರಿಪ್ಟಿನಲ್ಲಿ ನಂಬಬೇಡಿ ಎಂದು ತಾನೇ ಎಚ್ಚರಿಸುತ್ತದೆ. ಯಂತ್ರ ಆನ್ ಆದ ಹೊಸತರಲ್ಲಿ ಸ್ವಯಂ ಅಪ್‌ಡೇಟ್ ಬೀಗ ಹಾಕಿ ಕೂತಿರುತ್ತದೆ, ನಿಮ್ಮ ಸ್ಕ್ರಿಪ್ಟ್ ‘ಲಾಕ್ ಸಿಗಲಿಲ್ಲ’ ಎಂದು ಸಾಯುತ್ತದೆ. ‘ಡಿಪಿಕೆಜಿ::ಲಾಕ್::ಟೈಮ್‌ಔಟ್=600’ ಎಂಬ ಆಯ್ಕೆ ಕೊಟ್ಟರೆ ಹತ್ತು ನಿಮಿಷ ಕಾಯುತ್ತದೆ. ಬೀಗದ ಕಡತವನ್ನೇ ಅಳಿಸಿ ಎಂದು ಹೇಳುವ ಸಲಹೆಗಳು ಎಲ್ಲೆಡೆ ಸಿಗುತ್ತವೆ, ಅದನ್ನು ಮಾಡಿದರೆ ಪ್ಯಾಕೇಜ್ ಡೇಟಾಬೇಸ್ ಕೆಡಬಹುದು. ಇನ್ನು, ಇನ್‌ಸ್ಟಾಲ್ ನಡುವೆ ಪ್ರಶ್ನೆ ಕೇಳದಂತೆ ತಡೆಯುವ ‘ಡೆಬಿಯನ್_ಫ್ರಂಟ್‌ಎಂಡ್’ ಎಂಬ ವೇರಿಯಬಲ್ಲನ್ನು ಸುಡೊಗಿಂತ ಮುಂದೆ ಬರೆದರೆ ಸುಡೊ ಅದನ್ನು ಬಿಟ್ಟುಬಿಡುತ್ತದೆ. ಸುಡೊ ಆದ ಮೇಲೆ ಬರೆಯಬೇಕು. ಕಾಲೇಜಿನ ಪ್ರಾಕ್ಸಿ ವಿಳಾಸದ ಕಥೆಯೂ ಇದೇ: ಕರ್ಲ್‌ಗೆ ನೆಟ್ ಸಿಗುತ್ತದೆ, ಸುಡೊ ಆಪ್ಟ್-ಗೆಟ್‌ಗೆ ಸಿಗುವುದಿಲ್ಲ.

ವಿಂಡೋಸ್‌ನಲ್ಲಿ ಮಾತಿಲ್ಲದೆ ಇನ್‌ಸ್ಟಾಲ್ ಆಗಲು ಇನ್‌ಸ್ಟಾಲರ್ ಜಾತಿ ಗೊತ್ತಿರಬೇಕು. ಎಂಎಸ್‌ಐ ಆದರೆ ‘/ಕ್ಯೂಎನ್ /ನೋರೀಸ್ಟಾರ್ಟ್’, ಇನ್ನೋ ಸೆಟಪ್ ಆದರೆ ‘/ವೆರಿಸೈಲೆಂಟ್ /ನೋರೀಸ್ಟಾರ್ಟ್’, ಎನ್‌ಎಸ್‌ಐಎಸ್ ಆದರೆ ‘/ಎಸ್’. ಈ ಕೊನೆಯದರಲ್ಲಿ ಎಸ್ ದೊಡ್ಡಕ್ಷರವೇ ಆಗಿರಬೇಕು, ಸಣ್ಣದು ಕೊಟ್ಟರೆ ಮಾಮೂಲಿ ಕಿಟಕಿ ತೆರೆದುಕೊಂಡು ಯಾರಾದರೂ ಬಂದು ಒತ್ತಲಿ ಎಂದು ಕಾಯುತ್ತ ಕೂರುತ್ತದೆ. ಎಂಎಸ್‌ಐ ಮರಳಿಸುವ ಅಂಕೆಗಳನ್ನೂ ಓದಿ: 0 ಅಂದರೆ ಆಯಿತು, 3010 ಅಂದರೂ ಆಯಿತು ಆದರೆ ರೀಸ್ಟಾರ್ಟ್ ಬೇಕು, 1618 ಅಂದರೆ ಬೇರೊಂದು ಇನ್‌ಸ್ಟಾಲ್ ನಡೆದಿದೆ, 1603 ಅಂದರೆ ಕೆಟ್ಟಿತು, ಲಾಗ್ ನೋಡಬೇಕು. 3010ನ್ನು ಸೋಲು ಎಂದು ಎಣಿಸುವ ಸ್ಕ್ರಿಪ್ಟ್‌ಗಳು ಬಹಳ. ವಿಂಡೋಸ್ ಸ್ಕ್ರಿಪ್ಟ್ ಓಡಿಸುವ ಪವರ್‌ಶೆಲ್ 5.1ರಲ್ಲಿ ಡೌನ್‌ಲೋಡ್ ಆಮೆಯಂತೆ ತೆವಳಿದರೆ ಪ್ರಗತಿ ತೋರಿಸುವ ಪಟ್ಟಿಯನ್ನು ಆಫ್ ಮಾಡಿ, ಅರ್ಧ ಕಾಯಿಲೆ ಅದರದೇ.

ನೋಟ್‌ಪ್ಯಾಡಿನಲ್ಲಿ ತಿದ್ದಿದ ಬ್ಯಾಶ್ ಸ್ಕ್ರಿಪ್ಟ್ ‘ಬ್ಯಾಡ್ ಇಂಟರ್‌ಪ್ರಿಟರ್’ ಎನ್ನುವುದು ಸಾಲಿನ ಕೊನೆಯಲ್ಲಿ ಸೇರಿಕೊಂಡ ವಿಂಡೋಸ್ ಗುರುತಿನಿಂದ. ಭಂಡಾರದ ‘.ಗಿಟ್‌ಆ್ಯಟ್ರಿಬ್ಯೂಟ್ಸ್’ ಕಡತದಲ್ಲಿ ಬ್ಯಾಶ್ ಸ್ಕ್ರಿಪ್ಟ್‌ಗಳಿಗೆ ಎಲ್ಎಫ್ (ಲಿನಕ್ಸ್‌ನಲ್ಲಿ ಸಾಲು ಮುಗಿಸುವ ಗುರುತು) ಕಡ್ಡಾಯ ಮಾಡಿ. ಕಡತದ ತಲೆಯಲ್ಲಿ ಬರುವ ಬಿಒಎಂ (ಕಡತ ಯುನಿಕೋಡ್ ಎಂದು ಹೇಳುವ) ಗುರುತಿನದು ಇನ್ನೂ ವಿಚಿತ್ರ. ಬ್ಯಾಶ್‌ಗೆ ಅದು ಇರಬಾರದು. ಪವರ್‌ಶೆಲ್ 5.1ಕ್ಕೆ ಅದು ಬೇಕು, ಇಲ್ಲದಿದ್ದರೆ ಸ್ಕ್ರಿಪ್ಟಿನಲ್ಲಿರುವ ಕನ್ನಡವನ್ನೆಲ್ಲ ಆನ್ಸಿ ಎಂದು ಓದಿ ಕಲಸುಮೇಲೋಗರ ಮಾಡುತ್ತದೆ.

ಕನ್ನಡ ಸಂದೇಶ ಎಲ್ಲಿ ತೋರಿಸಬೇಕು

ಸ್ಕ್ರಿಪ್ಟಿನ ಒಳಗೇ ಕನ್ನಡದಲ್ಲಿ ಮಾತಾಡಿಸಬೇಕೆಂಬ ಹುಮ್ಮಸ್ಸು ಒಳ್ಳೆಯದೇ, ಆದರೆ ಟರ್ಮಿನಲ್‌ಗಳು ಅಕ್ಷರವನ್ನು ಸಮ ಅಗಲದ ಗೂಡಿನಲ್ಲಿ ಕೂರಿಸುತ್ತವೆ. ಒತ್ತಕ್ಷರ ಒಡೆಯುತ್ತದೆ, ಗುಣಿತ ಪಕ್ಕಕ್ಕೆ ಜಾರುತ್ತದೆ. ಲಿನಕ್ಸ್‌ನ ಬರಿಯ ಕನ್ಸೋಲಿನಲ್ಲಂತೂ ಚೌಕಗಳು ಮಾತ್ರ. ಹೀಗಿರುವಾಗ ಉತ್ತಮ ದಾರಿ ಅಂಕೆ. ಸ್ಕ್ರಿಪ್ಟ್ ನಿಂತಾಗ ಇಂಗ್ಲಿಷಿನಲ್ಲಿ ಒಂದು ಸಣ್ಣ ಸಾಲು ಮತ್ತು ಒಂದು ದೋಷ ಸಂಖ್ಯೆ ತೋರಿಸಲಿ. ತಾಣದಲ್ಲಿ ಆ ಸಂಖ್ಯೆಗೆ ಕನ್ನಡದಲ್ಲಿ ಪೂರ್ತಿ ವಿವರಣೆ ಇರಲಿ. ಲಿನಕ್ಸ್‌ನಲ್ಲಿ ಮರಳಿಸುವ ಅಂಕೆ 255 ದಾಟುವಂತಿಲ್ಲ. 1, 2, 126, 127 ಮತ್ತು 128ರ ಮೇಲಿನವಕ್ಕೆ ಶೆಲ್ ತನ್ನದೇ ಅರ್ಥ ಇಟ್ಟುಕೊಂಡಿದೆ. ಹಾಗಾಗಿ 10ರಿಂದ 99ರವರೆಗೆ ನಿಮ್ಮದು: 10 ನೆಟ್ ಇಲ್ಲ, 11 ಡಿಸ್ಕ್ ಸಾಲದು, 12 ಬೇರೆ ಇನ್‌ಸ್ಟಾಲ್ ನಡೆದಿದೆ, 13 ಚೆಕ್‌ಸಮ್ ತಾಳೆಯಾಗಲಿಲ್ಲ, 14 ಈ ಆವೃತ್ತಿಗೆ ಪರೀಕ್ಷೆಯಾಗಿಲ್ಲ, 15 ಅಡ್ಮಿನ್ ಹಕ್ಕು ಇಲ್ಲ, 16 ಗಡಿಯಾರ ತಪ್ಪು.

ಹದಿನಾರನೆಯದು ತಮಾಷೆಯದಲ್ಲ. ಹಳೆಯ ಯಂತ್ರಗಳ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತು, ಆನ್ ಮಾಡಿದಾಗೆಲ್ಲ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎನ್ನುತ್ತದೆ, ಯಾವುದೂ ಇಳಿಯುವುದಿಲ್ಲ, ಜನ ನೆಟ್‌ಅನ್ನು ಬೈಯುತ್ತಾರೆ. ಸ್ಕ್ರಿಪ್ಟ್ ಬರೆದ ವರ್ಷಕ್ಕಿಂತ ಯಂತ್ರದ ವರ್ಷ ಹಿಂದಿದ್ದರೆ ಅಲ್ಲೇ ನಿಲ್ಲಿಸಿ 16 ತೋರಿಸಿ.

ಸಂಖ್ಯೆ ಇಲ್ಲದಿದ್ದರೆ ಬರುವ ದೂರು ಹೀಗಿರುತ್ತದೆ: “ಸರ್, ನಮ್ಮ ಲ್ಯಾಬಿನ್ಯಾಗ ಓಡವಲ್ದರಿ.” ಇದ್ದರೆ: “ಸರ್, 24.04ರಾಗ 13 ತೋರಸಾಕತ್ತೈತ್ರಿ.” ಎರಡನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದು.

ತೂಕದ ಚೀಟಿ

ಹದಿಮೂರರ ವಿಷಯ ಬಿಡಿಸಿ ಹೇಳಬೇಕು. ಇಳಿದ ಕಡತಕ್ಕೆ ಎಸ್‌ಎಚ್‌ಎ-256 ಲೆಕ್ಕ ಹಾಕಿದರೆ 64 ಅಕ್ಷರಾಂಕಿಗಳ ಒಂದು ಸಾಲು ಬರುತ್ತದೆ, ಇದೇ ಚೆಕ್‌ಸಮ್. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲ ತಾಣ ಪ್ರಕಟಿಸಿದ ಸಾಲನ್ನು ಸ್ಕ್ರಿಪ್ಟಿನೊಳಗೆ ಬರೆದಿಟ್ಟು, ಇಳಿಸಿದ್ದರ ಜೊತೆ ತಾಳೆ ನೋಡಿ, ಹೊಂದದಿದ್ದರೆ ನಿಲ್ಲಿಸಬೇಕು.

ತಾಳೆ ತಪ್ಪಿದಾಗಲೆಲ್ಲ ಕಳ್ಳತನವೇ ಎಂದೇನಿಲ್ಲ. ಕಾಲೇಜಿನ ಫೈರ್‌ವಾಲ್ ಲಾಗಿನ್ ಕೇಳುತ್ತಿದ್ದರೆ, 80 ಎಂಬಿಯ ಇನ್‌ಸ್ಟಾಲರ್ ಜಾಗದಲ್ಲಿ ಕೆಲವೇ ಕೆಬಿಯ ಲಾಗಿನ್ ಪುಟ ಇಳಿದಿರುತ್ತದೆ, ಅದೇ ಹೆಸರಿನಲ್ಲಿ. ಸರ್ವರ್ ‘200 ಸರಿ’ ಎಂದೇ ಹೇಳಿರುವುದರಿಂದ ಕರ್ಲ್‌ನ ‘-ಎಫ್’ ಆಯ್ಕೆ ಕೂಡ ಇದನ್ನು ಹಿಡಿಯುವುದಿಲ್ಲ. ಆದ್ದರಿಂದ 13ರ ವಿವರಣೆಯಲ್ಲಿ ಮೊದಲ ಸಾಲು ‘ಬ್ರೌಸರ್ ತೆರೆದು ಕಾಲೇಜಿನ ನೆಟ್‌ಗೆ ಲಾಗಿನ್ ಆಗಿದ್ದೀರಾ ನೋಡಿ’ ಎಂದಿರಲಿ. ಪವರ್‌ಶೆಲ್‌ನ ‘ಗೆಟ್-ಫೈಲ್‌ಹ್ಯಾಶ್’ ದೊಡ್ಡಕ್ಷರದಲ್ಲಿ ತೋರಿಸುತ್ತದೆ, ಲಿನಕ್ಸ್ ಸಣ್ಣಕ್ಷರದಲ್ಲಿ. ಕಣ್ಣಲ್ಲಿ ಹೋಲಿಸುವವರು ಗಾಬರಿಯಾಗುತ್ತಾರೆ, ಎರಡೂ ಒಂದೇ ಎಂದು ಬರೆಯಿರಿ.

ನಿಮ್ಮ ಸ್ಕ್ರಿಪ್ಟ್‌ಗಳ ಚೆಕ್‌ಸಮ್ ಎಲ್ಲಿಡಬೇಕು ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಕಬ್ಬು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕಾರ್ಖಾನೆಯ ಗೇಟಿಗೆ ಹೋಗುವ ಮುನ್ನ ಟ್ರ್ಯಾಕ್ಟರನ್ನು ಹೊರಗಿನ ವೇಬ್ರಿಡ್ಜಿನ ಮೇಲೆ ಏರಿಸಿ ಚೀಟಿ ಪಡೆಯುತ್ತಾರೆ, ಒಳಗಿನ ಚೀಟಿಯ ಜೊತೆ ಹೋಲಿಸುತ್ತಾರೆ. ಕಾರ್ಖಾನೆಯ ಕಾಟಾದ ಮೇಲೆಯೇ ಎರಡು ಸಲ ತೂಗಿದರೆ ಏನು ಬಂತು? ಸ್ಕ್ರಿಪ್ಟ್ ಮತ್ತು ಅದರ ಚೆಕ್‌ಸಮ್ ಒಂದೇ ಸರ್ವರಿನಲ್ಲಿದ್ದರೆ, ಒಳನುಗ್ಗಿದವನು ಎರಡನ್ನೂ ಬದಲಿಸುತ್ತಾನೆ. ಸ್ಕ್ರಿಪ್ಟ್ ತಾಣದಲ್ಲಿ, ಚೆಕ್‌ಸಮ್ ಬೇರೊಂದು ಗಿಟ್ ಭಂಡಾರದಲ್ಲಿ, ಎರಡಕ್ಕೂ ಬೇರೆ ಬೇರೆ ಖಾತೆ, ಎರಡೂ ಖಾತೆಗೆ ಎರಡು ಹಂತದ ಲಾಗಿನ್.

ಇದರ ಬೆಲೆ 2021ರಲ್ಲಿ ತಿಳಿಯಿತು. ಕೋಡ್‌ಕವ್ ಎಂಬ ಕಂಪನಿಯ ಬ್ಯಾಶ್ ಸ್ಕ್ರಿಪ್ಟನ್ನು ಯಾರೋ ಜನವರಿ 31ರಂದು ತಿದ್ದಿದ್ದರು. ಓಡಿಸಿದವರ ಗುಪ್ತ ಕೀಲಿಗಳು ಹೊರಗೆ ಸೋರುತ್ತಿದ್ದವು. ಏಪ್ರಿಲ್ 1ರವರೆಗೆ ಯಾರಿಗೂ ಗೊತ್ತಾಗಲಿಲ್ಲ. ಪತ್ತೆಯಾದದ್ದು ಒಬ್ಬ ಗ್ರಾಹಕ ಗಿಟ್‌ಹಬ್‌ನಲ್ಲಿದ್ದ ಚೆಕ್‌ಸಮ್ಮನ್ನು ತಾನು ಇಳಿಸಿಕೊಂಡ ಸ್ಕ್ರಿಪ್ಟಿನದರ ಜೊತೆ ಹೋಲಿಸಿದ್ದರಿಂದ.

ಬೇರೆಯವರ ಸ್ಕ್ರಿಪ್ಟ್ ಬಂದಾಗ

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಬೇರೆ ಯಂತ್ರದಲ್ಲಿ ಓಡಿಸಿ ನೋಡುವವರೆಗೆ ಒಳಗೆ ಬಿಡಬೇಡಿ. ಪರಿಚಯದವರು ಎಂದು ಸಡಿಲ ಬಿಡುವುದೂ ಬೇಡ. ಓದುವವರು ಮೊದಲು ನೋಡಬೇಕಾದ್ದು ಸ್ಕ್ರಿಪ್ಟ್ ಎಲ್ಲೆಲ್ಲಿಂದ ಇಳಿಸುತ್ತದೆ ಎಂಬುದನ್ನು: ಪ್ರತಿ ವಿಳಾಸವೂ ತಯಾರಕರ ಅಥವಾ ಉಬುಂಟುವಿನ ಅಧಿಕೃತ ತಾಣದ್ದೇ? ಸಂಕ್ಷಿಪ್ತ ಕೊಂಡಿ, ಬೇಸ್64 ಗಂಟು (ಕಣ್ಣಿಗೆ ಅರ್ಥವಾಗದ ಅಕ್ಷರಗಳಾಗಿ ತಿರುಗಿಸಿದ ಕೋಡ್), ಇನ್ನೊಂದು ಸ್ಕ್ರಿಪ್ಟನ್ನು ಇಳಿಸಿ ಓಡಿಸುವ ಸಾಲು ಕಂಡರೆ ಕಾರಣ ಕೇಳದೆ ವಾಪಸ್ ಕಳಿಸಿ. ಹೊಸ ಆಪ್ಟ್ ಭಂಡಾರ ಸೇರಿಸುವುದಿದ್ದರೆ ‘ಆಪ್ಟ್-ಕೀ’ ಬಳಸಿರಬಾರದು. ಕೀಲಿ /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗೆ ಇದ್ದು ‘ಸೈನ್ಡ್-ಬೈ’ ಎಂದು ಆ ಒಂದು ಭಂಡಾರಕ್ಕೇ ಕಟ್ಟಿರಬೇಕು.

ಬರೆದವರು ಕೈಬಿಟ್ಟ ಸ್ಕ್ರಿಪ್ಟ್‌ಗಳೇ ಹೆಚ್ಚು ಅಪಾಯ. 2018ರ ಜುಲೈನಲ್ಲಿ ಆರ್ಚ್ ಲಿನಕ್ಸ್ ಬಳಕೆದಾರರ ಭಂಡಾರದಲ್ಲಿ ವಾರಸುದಾರರಿಲ್ಲದ ಅಕ್ರೋರೀಡ್ (ಪಿಡಿಎಫ್ ಓದುವ) ಪ್ಯಾಕೇಜನ್ನು ಒಬ್ಬ ತನ್ನದಾಗಿಸಿಕೊಂಡು, ಹೊರಗಿನಿಂದ ಸ್ಕ್ರಿಪ್ಟ್ ಎಳೆದು ಓಡಿಸುವ ಸಾಲನ್ನು ಸೇರಿಸಿದ್ದ. ನಿಮ್ಮಲ್ಲಿ ವಾರಸು ಬದಲಾದರೆ ಆ ಸ್ಕ್ರಿಪ್ಟ್ ಹೊಸದಾಗಿ ಬಂದದ್ದೆಂದೇ ತಿಳಿದು ಮತ್ತೆ ಪೂರ್ತಿ ಓದಿ.

ಕಳಿಸುವವರಿಂದ ಫೋನ್ ನಂಬರ್, ಕಾಲೇಜಿನ ಐಡಿ ಕೇಳಬೇಡಿ. ಗಿಟ್ ಖಾತೆಯ ಹೆಸರು ಸಾಕು. ಇಟ್ಟುಕೊಂಡ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ಅಂಟಿಕೊಂಡು ಬರುತ್ತದೆ. ದೂರು ಹೇಳುವವರಿಂದ ಬೇಕಾದ್ದು ನಾಲ್ಕೇ: ಯಾವ ಆವೃತ್ತಿಯ ಓಎಸ್, ದೋಷ ಸಂಖ್ಯೆ, ಲಾಗ್‌ನ ಕೊನೆಯ 20 ಸಾಲು, ಎಷ್ಟನೇ ಸಲ ಓಡಿಸಿದ್ದು.

ಆಜ್ಞೆಗಳನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಬೇಡಿ, ಪುಟದ ಕೊಂಡಿ ಮಾತ್ರ ಕಳಿಸಿ. ವಾಟ್ಸ್ಯಾಪ್ ಎರಡು ನಕ್ಷತ್ರದ ನಡುವಿನದನ್ನು ದಪ್ಪ ಮಾಡಿ ನಕ್ಷತ್ರ ನುಂಗುತ್ತದೆ, ಫೋನಿನ ಕೀಬೋರ್ಡ್ ನೇರ ಉದ್ಧರಣೆಯನ್ನು ಬಾಗಿದ್ದು ಮಾಡುತ್ತದೆ, ಎರಡು ಹೈಫನ್ ಸೇರಿಸಿ ಉದ್ದಗೆರೆ ಎಳೆಯುತ್ತದೆ. ತಾಣದ ಪುಟದಲ್ಲಿ ಪ್ರತಿ ಆಜ್ಞೆಗೂ ‘ನಕಲಿಸಿ’ ಗುಂಡಿ ಇರಲಿ.

ಲ್ಯಾಬಿನಲ್ಲಿ ಒಂದೇ ಸಲ ಇಳಿಸುವುದು

ಯಂತ್ರವೊಂದಕ್ಕೆ 1.5 ಜಿಬಿ, 40 ಯಂತ್ರಕ್ಕೆ 60 ಜಿಬಿ. 50 ಎಂಬಿಪಿಎಸ್ ಲೈನ್ ಪೂರ್ತಿ ಸಿಕ್ಕರೂ ಇದಕ್ಕೆ 2 ಗಂಟೆ 40 ನಿಮಿಷ ಬೇಕು. ಅಷ್ಟು ಹೊತ್ತು ಇಡೀ ಕಾಲೇಜಿನ ನೆಟ್ ಏದುಸಿರು ಬಿಡುತ್ತದೆ. ಉಬುಂಟು ಲ್ಯಾಬಾದರೆ ಒಂದು ಯಂತ್ರದಲ್ಲಿ ಇಳಿಸಿದ್ದನ್ನು ಉಳಿಸಿಟ್ಟು ಹಂಚುವ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ, ಉಳಿದವಕ್ಕೆ ಅದರ 3142 ಪೋರ್ಟನ್ನು ಆಪ್ಟ್ ಪ್ರಾಕ್ಸಿ ಎಂದು ತೋರಿಸಿ. ಹೊರಗಿನಿಂದ ಇಳಿಯುವುದು ಒಮ್ಮೆ, 4 ನಿಮಿಷ. ಉಳಿದದ್ದು ಲ್ಯಾಬಿನ ಸ್ವಿಚ್ಚಿನೊಳಗೇ ಓಡಾಡುತ್ತದೆ. ಮೊದಲು ಒಂದೇ ಯಂತ್ರದಲ್ಲಿ ಓಡಿಸಿ ಕ್ಯಾಶ್ ತುಂಬಿಸಿಕೊಂಡು ಆಮೇಲೆ ಉಳಿದ 39ಕ್ಕೆ ಹೋಗಿ. ಎಚ್‌ಟಿಟಿಪಿಎಸ್ ಭಂಡಾರಗಳು ಇದರ ಸೆಟ್ಟಿಂಗ್‌ನಲ್ಲಿ ಅನುಮತಿ ಕೊಟ್ಟರಷ್ಟೇ ಹಾದುಹೋಗುತ್ತವೆ, ಆಗಲೂ ಕ್ಯಾಶ್ ಆಗುವುದಿಲ್ಲ, ವಿಎಸ್ ಕೋಡ್‌ನಂಥವುಗಳ ಲೆಕ್ಕ ಬೇರೆ ಇಟ್ಟುಕೊಳ್ಳಿ.

ಹಳತಾದವುಗಳನ್ನು ಕೈಬಿಡುವುದು

ಸ್ಕ್ರಿಪ್ಟ್ ತಾನಾಗಿ ಕೆಡುವುದಿಲ್ಲ, ಸುತ್ತಲಿನ ಲೋಕ ಬದಲಾಗುತ್ತದೆ. ಡೌನ್‌ಲೋಡ್ ವಿಳಾಸ ಸರಿಯುತ್ತದೆ, ಪ್ಯಾಕೇಜಿನ ಹೆಸರು ಬದಲಾಗುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಉಬುಂಟು, ವಿಂಡೋಸ್ ಎರಡೂ ಯಂತ್ರ ಸಿಗುತ್ತವೆ. ವಾರಕ್ಕೊಮ್ಮೆ ಹತ್ತೂ ಸ್ಕ್ರಿಪ್ಟನ್ನು ಅಲ್ಲಿ ಓಡಿಸಿ, ಪಾಸಾದರೆ ಪುಟದ ಮೇಲಿನ ದಿನಾಂಕ ತಾನೇ ಬದಲಾಗುವಂತೆ ಕಟ್ಟಿ. ವೇಳಾಪಟ್ಟಿಯನ್ನು ಯುಟಿಸಿ (ಅಂತರರಾಷ್ಟ್ರೀಯ ಸಮಯ) ಲೆಕ್ಕದಲ್ಲಿ ಬರೆಯಿರಿ: ನಮ್ಮ ರಾತ್ರಿ 2 ಗಂಟೆ ಅಂದರೆ ಅಲ್ಲಿ ಹಿಂದಿನ ದಿನದ 20:30. ಸಾರ್ವಜನಿಕ ಭಂಡಾರದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಈ ವೇಳಾಪಟ್ಟಿಯನ್ನು ಗಿಟ್‌ಹಬ್ ನಿಲ್ಲಿಸಿಬಿಡುತ್ತದೆ. ರಜೆ ಮುಗಿಸಿ ಬಂದಾಗ ಪರೀಕ್ಷೆ ನಡೆದೇ ಇರುವುದಿಲ್ಲ, ಎಲ್ಲವೂ ಹಸಿರಾಗಿಯೇ ಕಾಣುತ್ತಿರುತ್ತದೆ. ಆದ್ದರಿಂದ ದಿನಾಂಕ 30 ದಿನಕ್ಕಿಂತ ಹಳತಾದರೆ ಪುಟದಲ್ಲಿ ಅದು ಕೆಂಪಾಗಲಿ.

ತೆಗೆದುಹಾಕಬೇಕಾದ ಸ್ಕ್ರಿಪ್ಟಿನ ಪುಟವನ್ನು ಅಳಿಸಬೇಡಿ, ಯಾರದೋ ನೋಟ್‌ಬುಕ್ಕಿನಲ್ಲಿ ಆ ವಿಳಾಸ ಇರುತ್ತದೆ. ಪುಟದ ಮೇಲೆ ‘ನಿಲ್ಲಿಸಲಾಗಿದೆ’ ಎಂದು ದಿನಾಂಕ ಸಮೇತ ಬರೆದು, ಬದಲಿ ಯಾವುದು ಎಂದು ತೋರಿಸಿ. ಹಳೆಯ ವಿಳಾಸದಲ್ಲಿ ಎರಡೇ ಸಾಲಿನ ಸ್ಕ್ರಿಪ್ಟ್ ಉಳಿಸಿ: ಹೊಸ ಪುಟದ ವಿಳಾಸ ತೋರಿಸುವುದು, ಮತ್ತು 0 ಅಲ್ಲದ ಒಂದು ದೋಷ ಸಂಖ್ಯೆ ಕೊಟ್ಟು ಹೊರಬೀಳುವುದು. 0 ಕೊಟ್ಟು ಮುಗಿಸಿದರೆ, ಅದನ್ನು ಕರೆಯುವ ಇನ್ನೊಂದು ಸ್ಕ್ರಿಪ್ಟ್ ಇನ್‌ಸ್ಟಾಲ್ ಆಯಿತೆಂದೇ ತಿಳಿದು ಮುಂದಿನ ಸಾಲಿಗೆ ಹೋಗುತ್ತದೆ.